ಹನ್ನೊಂದು ಡಾಲರಿನ ಮುಡಿಪು

ಸಿರಿ, ನಂದನ,

ನಾನು ಅಮೆರಿಕದಿಂದ ಬಂದ ಮೇಲೆ ನೀವಿಬ್ಬರೂ ನನ್ನ ಸೂಟ್‌ಕೇಸನ್ನು ಮೂರು ಸಲ ತಳದವರೆಗೆ ಕೆದಕಿದಿರಿ. ಚಾಕೊಲೇಟ್ ಸಿಕ್ಕಿತು, ಎರಡು ಟೀ ಶರ್ಟ್ ಸಿಕ್ಕವು, ಬ್ಯಾಂಕುಗಳ ಹೆಸರು ಅಚ್ಚಾದ ಇಪ್ಪತ್ತಮೂರು ಪೆನ್ನು ಸಿಕ್ಕವು. ದೂರದರ್ಶಕ ಸಿಗಲಿಲ್ಲ. ನೀವು ಒಳ್ಳೆಯ ಮಕ್ಕಳು, ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೂ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಎದುರಿಗೆ ನಿಂತು ಹೇಳುವುದು ನನಗೆ ಯಾವತ್ತೂ ಬಂದಿಲ್ಲ. ಬರೆಯುವಾಗ ಮುಖ ತೋರಿಸಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇಷ್ಟಕ್ಕಾದರೂ ಸಾಲಬೇಕು.

ನಾನು ಹೊರಡುವ ವಾರ ರಾತ್ರಿ ಊಟಕ್ಕೆ ಕೂತಾಗ ಸಿರಿ, ನೀನು ಶನಿಗ್ರಹದ ಉಂಗುರ ನೋಡಬೇಕು, ದೂರದರ್ಶಕ ಕೊಡಿಸಿ ಎಂದೆ. ಶನಿ ಹತ್ತಿರ ಬರದಿರಲಿ ಎಂದು ಎಳ್ಳೆಣ್ಣೆ ದೀಪ ಹಚ್ಚುವವರನ್ನು ಕಂಡಿದ್ದೆ, ಹುಡುಕಿಕೊಂಡು ಹೋಗಿ ನೋಡುತ್ತೇನೆ ಅನ್ನುವವಳನ್ನು ಅವತ್ತೇ ಕಂಡದ್ದು. ನಿಮ್ಮಪ್ಪ "ಮುಂದಿನ ವರ್ಷ ನೋಡೋಣ" ಎಂದರು. ನಿನ್ನ ಮುಖ ಸಣ್ಣದಾಯಿತು. ನನ್ನ ಬಾಯಿಂದ ತಾನಾಗಿ ಮಾತು ಬಂತು: "ನಾನು ತರ್ತೀನಿ ಬಿಡು, ನನ್ನ ದುಡ್ಡಲ್ಲೇ."

ನಾಲ್ಕೂ ಜನ ಅನ್ನ ಬಿಟ್ಟು ನನ್ನನ್ನು ನೋಡಿದಿರಿ. ನನಗೂ ಅಷ್ಟೇ ಆಶ್ಚರ್ಯ. ನನ್ನ ದುಡ್ಡು ಅಂತ ಒಂದಿತ್ತೇ? ನಿಮ್ಮ ತಾತ ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದಾಗ ಸಂಬಳ ಅವರ ಜೇಬಿನಲ್ಲಿ ಬರುತ್ತಿತ್ತು. ಈಗ ಅವರ ಪಿಂಚಣಿ ಬ್ಯಾಂಕಿಗೆ ಬರುತ್ತದೆ, ಬ್ಯಾಂಕಿನಿಂದ ತರುವವಳು ನಿಮ್ಮಮ್ಮ. ಅಳಿಯನ ಮನೆಯಲ್ಲಿದ್ದುಕೊಂಡು ಆಟೋ ಚಾರ್ಜು ಕೇಳುವುದಕ್ಕೂ ಎರಡು ಸಲ ಗಂಟಲು ಸರಿಮಾಡಿಕೊಳ್ಳುವವಳು ನಾನು. ಆದರೆ ಆಡಿದ ಮಾತನ್ನು ನುಂಗಲು ಬರುವುದಿಲ್ಲ. ಅದನ್ನು ಹೊತ್ತುಕೊಂಡೇ ವಿಮಾನ ಹತ್ತಿದೆ.

ಎಲಿಕಾಟ್ ಸಿಟಿ

ನನ್ನ ತಂಗಿ ರತ್ನ, ನಿಮ್ಮ ಚಿಕ್ಕಜ್ಜಿ, ಆ ದೇಶಕ್ಕೆ ಹೋಗಿ ಮೂವತ್ತೈದು ವರ್ಷವಾಯಿತು. ಬಹಳ ಹಿಂದೆ ನನಗೂ ತಾತನಿಗೂ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದಳು. ನಾವು ಮರೆತೆವು, ಅಲ್ಲಿನ ಸರ್ಕಾರ ಮರೆಯಲಿಲ್ಲ. ನಮ್ಮ ಸರದಿ ಬರುವ ಹೊತ್ತಿಗೆ ತಾತ ಹೋಗಿ ನಾಲ್ಕು ವರ್ಷವಾಗಿತ್ತು. ಕಾರ್ಡು ಒಬ್ಬಳಿಗೇ ಬಂತು. "ಬಂದು ಆರು ತಿಂಗಳು ಇದ್ದು ನೋಡು, ಹಿಡಿಸಿದ್ರೆ ಉಳ್ಕೋ" ಎಂದಳು ರತ್ನ.

ಅವರ ಬೀದಿಯಲ್ಲಿ ಬೆಳಿಗ್ಗೆ ನಡೆಯಲು ಹೋದರೆ ಮೈಸೂರಿನವರು ಇಬ್ಬರು, ಬೆಂಗಳೂರಿನವರು ಮೂವರು, ಗುಂಟೂರಿನವರು ಲೆಕ್ಕವಿಲ್ಲದಷ್ಟು ಜನ ಸಿಗುತ್ತಿದ್ದರು. ಅಮೆರಿಕದವರೊಬ್ಬರನ್ನು ಹತ್ತಿರದಿಂದ ನೋಡಲು ನಾಲ್ಕು ದಿನ ಕಾಯಬೇಕಾಯಿತು. ಅವನು ಕೊರಿಯರ್ ಕೊಡಲು ಬಂದವನು. ನಾನು ಬಾಗಿಲ ಹಿಂದೆ ನಿಂತುಕೊಂಡೆ.

ಮನೆಯಲ್ಲಿ ಮೊದಲು ಅರ್ಥವಾಗದೇ ಹೋದದ್ದು ಸಾಮಾನುಗಳ ಹೆಸರು. ಮಿಕ್ಸಿ ಚೆನ್ನಾಗಿದೆ, ಯಾವ ಕಂಪನಿಯದು ಎಂದೆ. "ಅದು ಕೆಂಪು ಬೋರ್ಡಿನ ಬ್ಯಾಂಕು" ಎಂದಳು ರತ್ನ. ಸೋಫಾ? "ಅದು ಹಸಿರು ಬೋರ್ಡಿನ ಬ್ಯಾಂಕು. ಆಗ ಇಬ್ಬರ ಹೆಸರಲ್ಲೂ ಮಾಡಿದ್ವಿ."

ವಿಷಯ ಇಷ್ಟು. ಆ ದೇಶದಲ್ಲಿ ಬ್ಯಾಂಕಿನವರು ಹೊಸಬರನ್ನು ಕರೆಯಲು ಕಾಣಿಕೆ ಕೊಡುತ್ತಾರೆ. ಖಾತೆ ತೆರೆದು, ಅವರು ಹೇಳಿದಷ್ಟು ದುಡ್ಡು ಹಾಕಿ, ಹೇಳಿದಷ್ಟು ದಿನ ಮುಟ್ಟದೆ ಇಟ್ಟರೆ ಇನ್ನೂರೋ ಮುನ್ನೂರೋ ಡಾಲರ್ ಬೋನಸ್. ರತ್ನನ ಗಂಡ ಪ್ರಭಾಕರ, ನಿಮ್ಮ ಚಿಕ್ಕತಾತ, ಔಷಧದ ಲ್ಯಾಬಿನಲ್ಲಿದ್ದು ನಿವೃತ್ತರಾದವರು. ಆ ವಯಸ್ಸಿನವರು ಅಲ್ಲಿ ಗಾಲ್ಫ್ ಆಡುತ್ತಾರೆ. ಇವರು ಬ್ಯಾಂಕು ಬದಲಾಯಿಸುತ್ತಾರೆ. ನಿಮ್ಮ ತಾತ ಕೆಲಸಕ್ಕೆ ಸೇರಿದ ತಿಂಗಳು ತೆರೆದ ಖಾತೆಯನ್ನು ಕೊನೆಯವರೆಗೂ ಬಿಡಲಿಲ್ಲ. ಮೂರು ಊರಿಗೆ ವರ್ಗವಾದರೂ ಪಾಸ್‌ಬುಕ್ ಬರೆಸಲು ಬಸ್ಸು ಹತ್ತಿ ಅದೇ ಬ್ಯಾಂಕಿಗೆ ಹೋಗುತ್ತಿದ್ದರು. ಅಂಥವರ ಹೆಂಡತಿಗೆ ಇದನ್ನು ನೋಡಿ ಹೇಗನ್ನಿಸಿರಬೇಕು?

"ಇದು ಮೋಸ ಅಲ್ವೇನೇ?" ಎಂದು ರತ್ನನ ಕಿವಿಯಲ್ಲಿ ಕೇಳಿದೆ. ಚಿಕ್ಕತಾತನಿಗೆ ಕೇಳಿಸಿತು.

"ಅಕ್ಕಾ, ಅವರೇ ಲೆಟರ್ ಹಾಕಿ ಕರೀತಾರೆ. ಅವರು ಹೇಳಿದ ರೂಲ್ಸ್ ಎಲ್ಲ ಫಾಲೋ ಮಾಡ್ತೀವಿ, ಬಂದದ್ದಕ್ಕೆ ಟ್ಯಾಕ್ಸ್ ಕಟ್ತೀವಿ. ಮೋಸ ಎಲ್ಲಿ ಬಂತು?"

"ಮದುವೆ ಊಟ ಮುಗಿಸಿ, ಮುಯ್ಯಿ ಮಾಡದೆ ಹಿಂದಿನ ಬಾಗಿಲಲ್ಲಿ ಬಂದ ಹಾಗೆ" ಎಂದಳು ರತ್ನ.

"ತೊಂಬತ್ತು ದಿನ ಕೂತಿರ್ತೀನಲ್ಲೇ. ಯಾರ ಮದುವೇಲಿ ಅಷ್ಟು ದಿನ ಕೂರ್ತಾರೆ?"

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗೆ ರತ್ನ ಕೆಂಪು ಗುರುತು ಹಾಕಿದ್ದಳು. ಬ್ಯಾಂಕಿನ ದಿನಗಳಿಗೆ ಚಿಕ್ಕತಾತ ಹಸಿರು ಗುರುತು ಹಾಕಿದ್ದರು. ಹಸಿರೇ ಹೆಚ್ಚು. "ನನ್ನ ಬರ್ತ್‌ಡೇ ಮರೀತಾರೆ, ಅಕೌಂಟ್ ಕ್ಲೋಸ್ ಮಾಡೋ ಡೇಟ್ ಮರೆಯಲ್ಲ" ಎಂದಳು.

ನಾಲ್ಕು ದಿನ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡು, ಐದನೆಯ ದಿನ ಲೋಟ ತೊಳೆಯುತ್ತಾ, ಅವರ ಕಡೆ ಬೆನ್ನು ಮಾಡಿ ಕೇಳಿದೆ: "ನನ್ನಂಥೋರಿಗೂ ಕೊಡ್ತಾರಾ?"

ಕುರ್ಚಿ ಸರಿದ ಸದ್ದಾಯಿತು. ಅವರು ಎದ್ದು ನಿಂತಿದ್ದರು. ಅವರ ಹೆಸರಿಗೂ ರತ್ನನ ಹೆಸರಿಗೂ ಹತ್ತಿರದ ಬ್ಯಾಂಕುಗಳೆಲ್ಲ ಮುಗಿದಿದ್ದವಂತೆ. ಈಗ ಮನೆಯೊಳಗೇ ಯಾವ ಬ್ಯಾಂಕಿನ ಪುಸ್ತಕದಲ್ಲೂ ಇಲ್ಲದ ಒಂದು ಹೆಸರು, ಕಾರ್ಡು ಮತ್ತು ಅಲ್ಲಿನ ಸರ್ಕಾರ ಕೊಟ್ಟ ನಂಬರಿನ ಸಮೇತ. ಅವರ ಕಣ್ಣಿಗೆ ನಾನು ನೇಗಿಲು ಕಾಣದ ಹೊಲದ ಹಾಗೆ ಕಂಡಿರಬೇಕು.

ಡರ್ಹಮ್

ಅಷ್ಟರಲ್ಲಿ ಅವರ ಮಗಳು ಕಾವ್ಯ ಮೆಟ್ಟಿಲಲ್ಲಿ ಜಾರಿ ಕಾಲಿನ ಮೂಳೆ ಮುರಿದುಕೊಂಡಳು. ಅವಳಿರುವುದು ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ, ಕೆಲಸ ಅಲ್ಲೇ ಪಕ್ಕದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಬಡಾವಣೆಯಲ್ಲಿ. ನಾವು ಮೂವರೂ ಮೂರು ತಿಂಗಳು ಇರುವ ಹಾಗೆ ಬಟ್ಟೆಬರೆ ತುಂಬಿಕೊಂಡು ಕಾರಿನಲ್ಲಿ ಹೊರಟೆವು. ಮಗಳ ಕಾಲಿನ ಚಿಂತೆಯ ನಡುವೆಯೂ ಚಿಕ್ಕತಾತ ಒಂದು ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದರು. ರತ್ನನ ಮನೆಯಿರುವ ಮೇರಿಲ್ಯಾಂಡಿನಲ್ಲಿ ಇಲ್ಲದ ಒಂದು ಬ್ಯಾಂಕು ಅಲ್ಲಿತ್ತು.

ಕಾವ್ಯ ಅಮೆರಿಕದಲ್ಲೇ ಹುಟ್ಟಿದವಳು. ಅವಳ ಕನ್ನಡ ಹೊಸ ಚಪ್ಪಲಿ ಹಾಕಿಕೊಂಡು ನಡೆದ ಹಾಗೆ. "ದೊಡ್ಡಮ್ಮಾ, ನೀವು ಡ್ಯಾಡ್ ಮಾತು ಕೇಳಬೇಡ. ಹಿ ಈಸ್ ಕ್ರೇಜಿ" ಎಂದು ಎಚ್ಚರಿಸಿದಳು. ಆದರೆ ಖಾತೆಗೆ ಬೇಕಾದ ವಿಳಾಸ ಅವಳದೇ. ಮೂರು ತಿಂಗಳು ಅಲ್ಲೇ ಇರುತ್ತಿದ್ದೆನಾದ್ದರಿಂದ ಅದು ಸುಳ್ಳೂ ಅಲ್ಲ.

ಕರಾರು ಹೀಗಿತ್ತು: ಎರಡು ಸಾವಿರ ಡಾಲರ್ ಹಾಕಬೇಕು, ತೊಂಬತ್ತು ದಿನ ಅದು ಒಂದು ದಿನವೂ ಕಡಿಮೆಯಾಗಬಾರದು, ಆಮೇಲೆ ಮುನ್ನೂರು ಡಾಲರ್ ಬೋನಸ್. ಕಾವ್ಯ ಫೋನಿನಲ್ಲಿ ಒಳ್ಳೆಯ ದೂರದರ್ಶಕದ ಬೆಲೆ ತೋರಿಸಿದಳು. ಮುನ್ನೂರರಲ್ಲಿ ಬಂದು, ನಂದನನಿಗೆ ಬಣ್ಣದ ಪೆಟ್ಟಿಗೆಗೂ ಉಳಿಯುತ್ತಿತ್ತು. "ಎರಡು ಸಾವಿರ ನಾನು ಹಾಕ್ತೀನಿ, ಅದು ಕೊನೇಲಿ ನನಗೆ ವಾಪಸ್. ಬಂದ ಬೋನಸ್ ನಿಮ್ಮದು ಅಕ್ಕಾ. ಮಧ್ಯ ಒಂದು ಡಾಲರ್ ಕೂಡ ಖರ್ಚು ಮಾಡ್ಬೇಡಿ ಅಷ್ಟೆ" ಎಂದರು ಚಿಕ್ಕತಾತ. ನಾನು ತಲೆಯಾಡಿಸಿದೆ. ಖರ್ಚು ಮಾಡಲು ನನಗೆಲ್ಲಿ ಬರುತ್ತದೆ?

ನಮ್ಮಲ್ಲಿ ಬ್ಯಾಂಕಿಗೆ ಹೋದರೆ ಒಳಗಿನವರು ತಲೆಯೆತ್ತುವವರೆಗೆ ನಾವು ನಿಂತಿರಬೇಕು. ಅಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬರು ತಾವೇ ಎದ್ದು ನಿಂತು ಕೈ ಚಾಚಿದರು. ನಾನು ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದೆ, ಬಿಡಿಸಿಕೊಳ್ಳುವಷ್ಟರಲ್ಲಿ ಅವರ ಕೈ ಸೋತಿರಬೇಕು. ಗಾಜಿನ ಫಲಕದ ಮೇಲೆ ಬೆರಳಿನಿಂದ ಸಹಿ ಮಾಡಿ ಎಂದರು. ನನಗೆ ಬರುವುದು ಕನ್ನಡದ ಸಹಿ ಒಂದೇ. ಲಲಿತಮ್ಮ ಎಂದು ಬರೆದು, ಒತ್ತಕ್ಷರ ಸರಿಯಾಗಿ ಬರಲಿಲ್ಲವೆಂದು ಅಳಿಸಿ, ಮತ್ತೆ ಬರೆದೆ. ಅವರು ಫಲಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಬಹಳ ಚೆಂದ ಎಂದರು. ಶಾಲೆ ಬಿಟ್ಟ ಐವತ್ತೈದು ವರ್ಷದಲ್ಲಿ ನನ್ನ ಅಕ್ಷರವನ್ನು ಹೊಗಳಿದ ಮೊದಲನೆಯವರು. ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಕೇಳಿದರು. ಅದೇನೆಂದು ನಿಮಗೂ ಹೇಳಲಾರೆ, ಯಾರಿಗೂ ಹೇಳಬಾರದೆಂದು ಚಿಕ್ಕತಾತ ಕಟ್ಟಪ್ಪಣೆ ಮಾಡಿದ್ದಾರೆ. ಅಲ್ಲಿ ಪೆನ್ನಿಗೆ ದಾರ ಕಟ್ಟಿರಲಿಲ್ಲ. ಬೇಕಾದರೆ ತೆಗೆದುಕೊಳ್ಳಿ ಎಂದರು. ಒಂದು ಸಾಕು ಅನ್ನುವುದು ನನಗೆ ಹೊಳೆಯಲಿಲ್ಲ.

ಅಲ್ಲಿನ ಬ್ಯಾಂಕಿಗೆ ಇನ್ನೊಂದು ದಾರಿಯಿದೆ, ಕಾರಿನಿಂದ ಇಳಿಯದವರಿಗೆ. ಕಾರಿನ ಕಿಟಕಿಯ ಪಕ್ಕದ ಕೊಳವೆಯಲ್ಲಿ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದು ಇರುತ್ತದೆ. ಚೀಟಿ ಹಾಕಿ ಗುಂಡಿ ಒತ್ತಿದರೆ ಗಾಳಿ ಅದನ್ನು ಸೊರ್ರನೆ ಎಳೆದುಕೊಂಡು ಒಳಗಿನವರಿಗೆ ಮುಟ್ಟಿಸುತ್ತದೆ. ಒಂದು ದಿನ ಚಿಕ್ಕತಾತ ಹೀಗೆ ಚೆಕ್ ಕಳಿಸಿದಾಗ ಡಬ್ಬಿ ರಸೀತಿಯ ಜೊತೆ ಎರಡು ಪೆಪ್ಪರಮಿಂಟ್ ಹೊತ್ತುಕೊಂಡು ಬಂತು. ಅವರು ರಸೀತಿ ಓದುತ್ತಿದ್ದರು. "ಆ ಡಬ್ಬಿ ಒಳಗಿಟ್ಟು ಬಟನ್ ಒತ್ತಿ ಅಕ್ಕಾ" ಎಂದು ಕೈಗೆ ಕೊಟ್ಟರು.

ಸಿಹಿ ಬಂದ ಡಬ್ಬಿಯನ್ನು ಬರಿದಾಗಿ ಕಳಿಸುವುದೇ? ನನ್ನ ಚೀಲದಲ್ಲಿ ಬೆಳಿಗ್ಗೆ ಮಾಡಿದ ಕೊಬ್ಬರಿ ಮಿಠಾಯಿ ಇತ್ತು. ನಾಲ್ಕು ಚೂರು ಹಾಕಿ ಕಳಿಸಿದೆ.

ಆಮೇಲೆ ಗೋಡೆಯೊಳಗಿನಿಂದ ಹೆಂಗಸಿನ ದನಿ, "ಸರ್, ನೀವು ನಮಗೆ ಏನನ್ನು ಕಳಿಸಿದ್ದೀರಿ?" ಎಂದು ಬಹಳ ಎಚ್ಚರದಿಂದ ಕೇಳಿತು. ಗಾಜಿನ ಹಿಂದೆ ಮೂವರು ನಿಂತು ಡಬ್ಬಿಯನ್ನು ದೂರದಿಂದ ನೋಡುತ್ತಿದ್ದರು. ಚಿಕ್ಕತಾತ ಹಿಂದೆ ತಿರುಗಿ ನನ್ನನ್ನು ನೋಡಿದರು. ನಾನು ಪೆಪ್ಪರಮಿಂಟ್ ಕಾಗದ ಬಿಡಿಸುತ್ತಿದ್ದೆ. ಅವರು ಕ್ಷಮೆ ಕೇಳಿ, ತೆಂಗಿನಕಾಯಿ, ಸಕ್ಕರೆ, ಏಲಕ್ಕಿ ಎಂದು ವಿವರ ಒಪ್ಪಿಸಿದರು. ಮಿಠಾಯಿ ಅದೇ ಗಾಳಿಯಲ್ಲಿ ವಾಪಸ್ ಬಂತು. ತಿನ್ನುವುದನ್ನು ಸ್ವೀಕರಿಸುವಂತಿಲ್ಲವಂತೆ. ಎಣಿಸಿದರೆ ಮೂರೇ ಇದ್ದವು. ಯಾರೋ ಒಬ್ಬರು ನಿಯಮ ಮುರಿದಿದ್ದರು.

ಸೌತ್ ಕ್ಯಾರೊಲಿನಾ, ದಾರಿಯಲ್ಲಿ

ಕಾವ್ಯ ಊರುಗೋಲು ಬಿಟ್ಟು ನಡೆಯತೊಡಗಿದ ಮೇಲೆ, ಅಟ್ಲಾಂಟಾದಲ್ಲಿ ಚಿಕ್ಕತಾತನ ಹಳೆಯ ಸಹೋದ್ಯೋಗಿಯ ಗೃಹಪ್ರವೇಶವಿದೆಯೆಂದು ನಾವು ಹಿರಿಯರು ಮೂವರು ಹೊರಟೆವು. ಆಗ ನನ್ನ ಖಾತೆಗೆ ಅರವತ್ತಮೂರು ದಿನ ತುಂಬಿತ್ತು.

ಆ ದಾರಿಯಲ್ಲಿ ನೀರಿನ ಟ್ಯಾಂಕಿಗೆ ಪೀಚ್ ಹಣ್ಣಿನ ವೇಷ ಹಾಕಿ ನಿಲ್ಲಿಸಿದ್ದಾರೆ, ಎಲೆ ಸಮೇತ. ಅದನ್ನು ದಾಟಿ ಪೆಟ್ರೋಲಿಗೆ ನಿಂತ ಕಡೆ ಗುರುತಿಲ್ಲದ ಹೆಂಗಸೊಬ್ಬಳು ನನ್ನ ಸೀರೆಯನ್ನು ನೋಡಿ ಎಷ್ಟು ಸುಂದರ ಎಂದಳು. ಒಳಗೆ ಹೋದರೆ ಅಂಗಡಿಯವಳೂ ಅದನ್ನೇ ಹೇಳಿದಳು. ಬಾಗಿಲು ಹಿಡಿದುಕೊಂಡ ಗಂಡಸು ಕೂಡ. ಅದು ರತ್ನನ ಹಳೆಯ ಸೀರೆ, ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತಿತ್ತು. ಅಲ್ಲಿನ ಜನಕ್ಕೆ ದಾರಿಹೋಕರನ್ನು ಹೊಗಳುವುದು ನಮ್ಮಲ್ಲಿ ಊಟ ಆಯ್ತಾ ಎಂದು ಕೇಳಿದ ಹಾಗೆ. ಆದರೂ ಮೂರು ಜನರ ಕಣ್ಣು ಒಟ್ಟಿಗೆ ಬಿದ್ದರೆ ಸುಮ್ಮನಿರಲು ಬರುತ್ತದೆಯೇ? ಅಂಗಡಿಯ ಉಪ್ಪಿನ ಪೊಟ್ಟಣ ಎರಡನ್ನು ಹಿಡಿದು ಶೌಚಾಲಯದ ಕನ್ನಡಿಯ ಮುಂದೆ ನನಗೆ ನಾನೇ ದೃಷ್ಟಿ ತೆಗೆದುಕೊಂಡೆ. ಕೈ ತೊಳೆಯಲು ಬಂದ ಹುಡುಗಿ ನೋಡಿ, ಏನೂ ಕೇಳದೆ ಹೋದಳು.

ಅಟ್ಲಾಂಟಾ

ಗೃಹಪ್ರವೇಶದ ಮನೆಯಲ್ಲಿ ಹೆಂಗಸರೆಲ್ಲ ಊಟಕ್ಕೆ ಕೂತಾಗ ಪಕ್ಕದವರು, "ಆಂಟಿ, ಊರಿಗೆ ಏನು ತಗೊಂಡು ಹೋಗ್ತಿದೀರಾ ಮೊಮ್ಮಕ್ಕಳಿಗೆ?" ಎಂದು ಕೇಳಿದರು. ದೂರದರ್ಶಕ ಎಂದುಬಿಟ್ಟೆ. ಸಾಲಿನಲ್ಲಿ ಅದು ಹಬ್ಬಿತು. ತುದಿಯಲ್ಲಿ ಕೂತವರೂ ಬಗ್ಗಿ ನನ್ನನ್ನು ನೋಡಿದರು. ಅವತ್ತು ರಾತ್ರಿ ನನಗೆ ಹೆದರಿಕೆ ಹತ್ತಿತು. ಇನ್ನೂ ಬರದ ದುಡ್ಡನ್ನು ಬಂತೆಂದು ನಾಲ್ಕು ಜನರ ಮುಂದೆ ಹೇಳಿದ್ದೆ. ಹಾಗೆ ಹೇಳಿದ್ದು ನಿಲ್ಲುವುದಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು.

ಅದಕ್ಕೆ ಪರಿಹಾರವೂ ಅವಳೇ ಕಲಿಸಿದ್ದಳು. ಬರಬೇಕಾದ್ದು ಬರಲೆಂದು ಮನೆದೇವರಿಗೆ ಹನ್ನೊಂದು ರೂಪಾಯಿ ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ಎತ್ತಿಡಬೇಕು. ಅದೇ ಮುಡಿಪು. ಎರಡು ನಿಯಮ: ಯಾವ ದುಡ್ಡಿಗಾಗಿ ಹರಕೆಯೋ ಆ ದುಡ್ಡಿನಿಂದಲೇ ತೆಗೆಯಬೇಕು, ಯಾರಿಗೂ ಹೇಳಬಾರದು. ಬೇರೆ ದುಡ್ಡಿನಲ್ಲಿ ಕಟ್ಟಿದರೆ ದೇವರು ಯಾರ ಹೆಸರಿಗೆ ಬರೆದುಕೊಳ್ಳಬೇಕು?

ಮರುದಿನ ರತ್ನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದಳು, ಚಿಕ್ಕತಾತ ಕಾರಿನಲ್ಲಿ ಕಣ್ಣು ಮುಚ್ಚಿದ್ದರು. ಅಂಗಡಿಯಿಂದ ಐದನೇ ಬಾಗಿಲಿಗೆ ನಮ್ಮ ಬ್ಯಾಂಕಿನದೇ ಬೋರ್ಡು ಕಂಡಿತು. ಇದು ದೈವಪ್ರೇರಣೆಯಲ್ಲದೆ ಇನ್ನೇನು ಅನ್ನಿಸಿತು. "ಗಾಳಿಗೆ ಸ್ವಲ್ಪ ಹೊರಗೆ ನಿಂತಿರ್ತೀನಿ ಕಣೇ" ಎಂದು ಹೊರಟೆ.

ಮಕ್ಕಳೇ, ಇಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಳ್ಳಲು ಬಿಡಿ, ಮುಂದೆ ಅವಕಾಶವಿಲ್ಲ. ಅರವತ್ತೇಳು ವರ್ಷದಲ್ಲಿ ಮೊದಲ ಸಲ ಒಬ್ಬಳೇ ಬ್ಯಾಂಕಿನ ಬಾಗಿಲು ತಳ್ಳಿದೆ. ಅದು ಎಳೆಯುವ ಬಾಗಿಲಾಗಿತ್ತು. ನೀಲಿ ಕೂದಲಿನ ಹುಡುಗಿಯ ಮುಂದೆ ನಿಂತು, ಕಾರ್ಡುಗಳನ್ನೆಲ್ಲ ಹರಡಿ, "ಇಲೆವೆನ್" ಎಂದೆ. ಇಲೆವೆನ್ ಹಂಡ್ರೆಡ್ಡೇ ಎಂದಳು. "ನೋ. ಒನ್, ಒನ್" ಎಂದು ಎರಡು ಬೆರಳು ನಿಲ್ಲಿಸಿ ತೋರಿಸಿದೆ. ಅವಳು ನಗಲಿಲ್ಲ. ಸಹಿ ಹಾಕಿಸಿಕೊಂಡು, ಒಂದೊಂದು ಡಾಲರಿನ ಹನ್ನೊಂದು ಹೊಸ ನೋಟುಗ‌ಳನ್ನು ಎರಡು ಸಲ ಎಣಿಸಿ, ತನ್ನ ಅಜ್ಜಿಯ ಕೈಗೆ ಕೊಡುವ ಹಾಗೆಯೇ ಎರಡೂ ಕೈಯಲ್ಲಿ ಕೊಟ್ಟಳು.

ಹೊರಗೆ ಬಂದಾಗ ನಿಮ್ಮ ತಾತ ಇದ್ದು ನೋಡಬೇಕಿತ್ತು ಅನ್ನಿಸಿತು. ಒಂದು ಡಾಲರ್ ಕೂಡ ಖರ್ಚು ಮಾಡಬೇಡಿ ಎಂದ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳು. ಬಂತು. ಆದರೆ ಮುಡಿಪು ಖರ್ಚಲ್ಲವಲ್ಲ, ಎತ್ತಿಟ್ಟದ್ದು ಎಂದು ನನಗೆ ನಾನೇ ಉತ್ತರ ಕೊಟ್ಟುಕೊಂಡೆ. ಕರವಸ್ತ್ರಕ್ಕೆ ಅರಿಶಿನ ಸವರಿ ಗಂಟು ಕಟ್ಟಿ, ಸೀರೆಗಳ ಕೆಳಗೆ ಇಟ್ಟೆ.

ಮತ್ತೆ ಡರ್ಹಮ್, ತೊಂಬತ್ತನೆಯ ದಿನ ಕಳೆದು

ಬೋನಸ್ ಬರಬೇಕಾದ ದಿನ ಬಂತು, ಬೋನಸ್ ಬರಲಿಲ್ಲ. ಎರಡು ದಿನ ನೋಡಿದೆವು. ನನ್ನ ಖಾತೆಯನ್ನು ಅಲ್ಲಿಯವರೆಗೆ ಚಿಕ್ಕತಾತ ಒಮ್ಮೆಯೂ ತೆರೆದು ನೋಡಿರಲಿಲ್ಲ, ಅದು ಅಕ್ಕನ ಸ್ವಂತದ್ದು ಎಂಬ ಮರ್ಯಾದೆ. ಮೂರನೆಯ ದಿನ ನನ್ನನ್ನು ಕೇಳಿ ಕಂಪ್ಯೂಟರಿನಲ್ಲಿ ತೆರೆದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸಾವಿರದ ಒಂಬೈನೂರ ಎಂಬತ್ತೊಂಬತ್ತು. ಅಕ್ಕಾ, ಯಾರೋ ಹನ್ನೊಂದು ಡಾಲರ್ ಹೊಡೆದಿದ್ದಾರೆ."

ಅವರು ಬ್ಯಾಂಕಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟರು. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಂಗಸು ಬಂದಳು. ನನ್ನ ಹೆಸರು, ಹುಟ್ಟಿದ ದಿನ ನನ್ನ ಬಾಯಿಂದಲೇ ಹೇಳಿಸಿದಳು. ಅಷ್ಟು ಹೇಳಿ ನಾನು ಗೋಡೆಗೆ ಒರಗಿದೆ. ಅಟ್ಲಾಂಟಾದ ಶಾಖೆಯಲ್ಲಿ ಖುದ್ದಾಗಿ ಬಂದು ತೆಗೆದಿದ್ದಾರೆ, ಸಹಿಯೂ ಇದೆ, ಇಂಗ್ಲಿಷ್ ಅಲ್ಲ, ಆದರೆ ಹೊಂದುತ್ತದೆ ಎಂದಳು ಅವಳು.

"ಹೊಂದುತ್ತಾ? ಕಳ್ಳ ಕನ್ನಡ ಕಲಿತಿದ್ದಾನಾ?" ಎಂದು ಚಿಕ್ಕತಾತ ನಮ್ಮ ಕಡೆ ತಿರುಗಿದರು. "ಎರಡು ಸಾವಿರ ಇರುವಾಗ ಹನ್ನೊಂದು ತೆಗೆಯೋ ಕಳ್ಳ ಎಂಥವನು?"

"ಬಡ ಕಳ್ಳ" ಎಂದಳು ರತ್ನ.

"ತಮಾಷೆ ಅಲ್ಲ ಇದು. ಆ ಕೌಂಟರಲ್ಲಿ ಯಾರಿದ್ದರೋ ಅವರ ಮೇಲೇ ಕಂಪ್ಲೇಂಟ್ ಕೊಡ್ತೀನಿ. ಇನ್ವೆಸ್ಟಿಗೇಟ್ ಮಾಡಲಿ. ಐಡಿ ನೋಡದೆ ಕೊಟ್ಟಿದ್ದರೆ ಕೆಲಸ ಹೋಗುತ್ತೆ ಅವರದ್ದು." ಫೋನಿನ ಕಡೆ ಬಾಗಿ ಇಂಗ್ಲಿಷಿನಲ್ಲಿ ದೂರು ಬರೆಸಲು ಶುರುಮಾಡಿದರು.

ನೀಲಿ ಕೂದಲಿನ ಹುಡುಗಿ ನೋಟುಗಳನ್ನು ಎರಡು ಸಲ ಎಣಿಸಿದ್ದು ನನ್ನ ಕಣ್ಣ ಮುಂದೆ ಬಂತು. ನಾಚಿಕೆ ದೊಡ್ಡದು, ಆದರೆ ನನ್ನ ನಾಚಿಕೆಗೆ ಅವಳು ಯಾಕೆ ದಂಡ ಕಟ್ಟಬೇಕು? ಒಳಗೆ ಹೋಗಿ ಸೀರೆಗಳ ಕೆಳಗಿನಿಂದ ಹಳದಿ ಗಂಟು ತಂದು ಕಂಪ್ಯೂಟರಿನ ಪಕ್ಕ ಇಟ್ಟೆ. ಫೋನಿನ ಹತ್ತಿರ ಬಾಯಿ ತಂದು, "ಮೀ. ಐ ಟುಕ್. ಗರ್ಲ್ ಗುಡ್" ಎಂದೆ. ನನ್ನ ಇಂಗ್ಲಿಷ್ ಅಲ್ಲಿಗೆ ಮುಗಿಯಿತು.

ಫೋನಿನವಳು ಬೇರೇನಾದರೂ ಸಹಾಯ ಬೇಕೇ ಎಂದು ಕೇಳಿದಳು. ಕಾವ್ಯ ಬಂದು, ಕಾರಣ ವಿವರಿಸಿ, ಕ್ಷಮಿಸಲು ಆಗುತ್ತದೆಯೇ ಎಂದು ಕೇಳಿ ನೋಡಿದಳು. ಸಾರಿ, ಕಂಪ್ಯೂಟರ್ ಒಪ್ಪುವುದಿಲ್ಲ ಎಂದಳು ಫೋನಿನವಳು. ಮತ್ತೆ ಮೊದಲಿನಿಂದ ತೊಂಬತ್ತು ದಿನ ಕೂರಲು ಆ ಕೊಡುಗೆಯೂ ಮುಗಿದಿತ್ತು, ನನ್ನ ಟಿಕೆಟ್ಟೂ ಆಗಿತ್ತು.

ರತ್ನ ನಗುತ್ತಾ ನಗುತ್ತಾ ನೆಲಕ್ಕೆ ಕೂತಳು. ಚಿಕ್ಕತಾತ ನಗಲಿಲ್ಲ.

"ನನ್ನ ಕೇಳಿದ್ರೆ ಹನ್ನೊಂದು ಡಾಲರ್ ಕೊಡ್ತಿರಲಿಲ್ವಾ ಅಕ್ಕಾ?"

"ಆ ದುಡ್ಡಿನಿಂದಲೇ ತೆಗೀಬೇಕಿತ್ತು. ಹೇಳಲೂಬಾರದಿತ್ತು."

ಅವರು ಗಂಟನ್ನು ಮುಟ್ಟದೆ ಸ್ವಲ್ಪ ಹೊತ್ತು ನೋಡಿದರು. "ಅಂದ್ರೆ ದೇವರದ್ದಕ್ಕೂ ಟರ್ಮ್ಸ್ ಅಂಡ್ ಕಂಡೀಷನ್ಸ್ ಇದೆ" ಎಂದರು. ನಿಯಮ ಎಂದರೆ ಅವರಿಗೆ ಗೌರವ. ಆಮೇಲೆ ನನ್ನನ್ನು ಬಯ್ಯಲಿಲ್ಲ.

ಬಯ್ದವಳು ರತ್ನ, ಅದೂ ನಗು ನಿಲ್ಲಿಸಿದ ಮೇಲೆ. "ಅಲ್ವೇ ಅಕ್ಕಾ, ಆ ಎರಡು ಸಾವಿರ ಇವರದ್ದು. ಬೋನಸ್ ಇನ್ನೂ ಬಂದೇ ಇರಲಿಲ್ಲ. ನೀನು ಮುಡಿಪು ಕಟ್ಟಿದ್ದು ಇವರ ದುಡ್ಡಲ್ಲಿ." ಅದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅದೇ ವಾರ, ಇನ್ನು ಬರುವುದಿಲ್ಲವೆಂದು ಚಿಕ್ಕತಾತ ಕೈಬಿಟ್ಟಿದ್ದ ಒಂದು ಬ್ಯಾಂಕಿನಿಂದ ಅವರಿಗೆ ನಾನೂರು ಡಾಲರ್ ಬಂತು. ಮನೆದೇವರು ದುಡ್ಡು ಯಾರದೆಂದು ನೋಡಿಯೇ ಕೊಟ್ಟಿದ್ದರು.

ಅವರು ಆ ನಾನೂರನ್ನು ನನ್ನ ಮುಂದಿಟ್ಟರು. "ನಿಮ್ಮ ಹರಕೆಗೆ ಬಂದಿದ್ದು, ನಿಮ್ಮದೇ. ಈಗಲೇ ಹೋಗಿ ತಗೊಂಡು ಬರೋಣ, ಮೊಮ್ಮಗಳಿಗೆ."

ಬೇಡ ಎಂದೆ. ರತ್ನ ಬೇಡಿದಳು, ರೇಗಿದಳು, ಇದು ಯಾವ ಸೀಮೆಯ ಹಠ ಎಂದಳು. ಕಾವ್ಯ ಅಂಗಡಿಯ ವಿಳಾಸವನ್ನೇ ಹುಡುಕಿಟ್ಟಿದ್ದಳು. ನನ್ನ ದುಡ್ಡಲ್ಲಿ ಎಂದು ಹೇಳಿಬಂದಿದ್ದೆ, ಬೇರೆಯವರು ಕೊಡಿಸಿದ್ದನ್ನು ನಿಮ್ಮ ಕೈಗಿಟ್ಟು ನನ್ನದು ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಕಟ್ಟಿದ ಗಂಟು ದೇವರದ್ದು, ಬಿಚ್ಚುವಂತಿರಲಿಲ್ಲ, ಹಾಗಾಗಿ ಚಿಕ್ಕತಾತನಿಗೆ ಹನ್ನೊಂದು ಡಾಲರ್ ಸಾಲವನ್ನೂ ಉಳಿಸಿಕೊಂಡೆ. ಅಲ್ಲಿ ಬೋನಸ್ಸಿಗೆ ಹೋಗಿ ಕೈಯಿಂದ ಕಳೆದುಕೊಂಡವಳು ನಾನೊಬ್ಬಳೇ ಇರಬೇಕು.

ಆದರೆ ಸಿರಿ, ಸೂಟ್‌ಕೇಸಿನ ಮುಂದೆ ನೀನು ಸುಮ್ಮನೆ ಕೂತದ್ದನ್ನು ನೋಡಿದ ಮೇಲೆ ನನಗೆ ಅಷ್ಟು ಗಟ್ಟಿಯಾಗಿ ಹೇಳಲು ಆಗುತ್ತಿಲ್ಲ. ಅವತ್ತು ನಾನು ಹೂಂ ಎಂದಿದ್ದರೆ ನೀನು ಇಷ್ಟು ಹೊತ್ತಿಗೆ ಉಂಗುರ ನೋಡಿರುತ್ತಿದ್ದೆ. ಮರ್ಯಾದೆ ನನ್ನದು, ಕಾಯುವುದು ನಿನ್ನದು. ಅದು ನ್ಯಾಯವಲ್ಲ. ಅದಕ್ಕೆ ತಪ್ಪಾಯಿತು ಎನ್ನುತ್ತೇನೆ.

ಹಾಸನ

ಹೋದ ಮಂಗಳವಾರ ನೀವು ಶಾಲೆಗೆ, ನಿಮ್ಮಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಬೀಗ ಹಾಕಿಕೊಂಡು ಹೊರಟೆ. ಪಿಂಚಣಿ ಬರುವ ಬ್ಯಾಂಕು ಎಲ್ಲಿದೆಯೆಂದು ಇಬ್ಬರನ್ನು ಕೇಳಿದೆ. ಆಧಾರ್, ಪ್ಯಾನ್ ಕಾರ್ಡು, ಎರಡು ಫೋಟೋ ತೆಗೆದುಕೊಂಡು ಹೋಗಿದ್ದೆ. ಮೂರು ಕೌಂಟರಿನಲ್ಲಿ ಇಲ್ಲಿ ಅಲ್ಲ ಎಂದರು. ನಾಲ್ಕನೆಯದರಲ್ಲಿದ್ದ ಹುಡುಗ ತಲೆಯೆತ್ತದೆ, "ಯಾರ ಜೊತೆ ಬಂದಿದೀರಾ ಅಜ್ಜಿ? ಅವರನ್ನ ಕರೀರಿ" ಎಂದ.

"ಒಬ್ಬಳೇ ಬಂದಿದೀನಿ."

ಆಗ ತಲೆಯೆತ್ತಿದ. ಪಿಂಚಣಿಯಲ್ಲಿ ತಿಂಗಳಿಗೆ ಇಷ್ಟು ಎಂದು ಹಿಡಿದು ಒಂದು ವರ್ಷಕ್ಕೆ ಆರ್.ಡಿ. ಮಾಡಬೇಕು ಎಂದೆ. ದೂರದರ್ಶಕದ ಬೆಲೆ ಹಿಡಿದು ಮೊತ್ತವನ್ನು ನಾನೇ ಲೆಕ್ಕ ಹಾಕಿಕೊಂಡು ಹೋಗಿದ್ದೆ. ನಾಮಿನಿ ಯಾರು ಎಂದ. ಸಿರಿ ಎಂದೆ. ಬೋನಸ್ ಏನಾದರೂ ಉಂಟೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಅವನು ಫಾರಂ ತುಂಬಿ, ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿ ನನ್ನ ಕಡೆ ತಳ್ಳಿದ.

"ಅಜ್ಜಿ, ಮೊದಲೇ ಹೇಳ್ತೀನಿ. ಒಂದು ವರ್ಷ ಇದಕ್ಕೆ ಕೈ ಹಾಕೋ ಹಾಗಿಲ್ಲ. ಮಧ್ಯ ಮುರಿದ್ರೆ ಬಡ್ಡಿ ಕಟ್."

"ಗೊತ್ತಪ್ಪ."

"ಎಲ್ಲರೂ ಹಂಗೇ ಹೇಳ್ತಾರೆ. ಆಮೇಲೆ ಹಬ್ಬ ಅಂತ ಬರ್ತಾರೆ, ಮದುವೆ ಅಂತ ಬರ್ತಾರೆ, ಹರಕೆ ಅಂತ ಬರ್ತಾರೆ."

ನಾನು ತಲೆ ತಗ್ಗಿಸಿ ಸಹಿ ಹಾಕಿದೆ.